ದೇವರ ವಾರಕ್ಕೆ ಹಾಜರಿ ಪುಸ್ತಕ ಬೇಕೆ?

ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲೂ ವರದಾ ನದಿಯ ಆಚೀಚೆ ಇರುವ ಊರುಗಳಲ್ಲೂ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪುತ್ತದೆಂದು ಗೊತ್ತಿದ್ದರೂ ರೈತ ಅಂದು ಎತ್ತು ಹೂಡುವುದಿಲ್ಲ. ಮೈ ತೊಳೆದು, ಮೇವು ಹಾಕಿ, ಕೈಮುಗಿದು ಬಿಡುತ್ತಾನೆ. ಒಕ್ಕಲುತನ ಮಾಡುವ ಮುಸ್ಲಿಂ ಮನೆಗಳಲ್ಲೂ ಈ ರೂಢಿಯನ್ನು ಕಾಣಬಹುದು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾಗಿವೆ, ಆದರೆ ಎತ್ತು ಇರುವ ಮನೆಯಲ್ಲಿ ಸೋಮವಾರ ಇನ್ನೂ ಸೋಮವಾರವೇ ಆಗಿದೆ. ಈ ವ್ರತಕ್ಕೆ ಪೂಜಾರಿ ಬೇಕಿಲ್ಲ, ಖಾಜಿ ಬೇಕಿಲ್ಲ, ಚಂದಾ ರಸೀದಿ ಬೇಕಿಲ್ಲ. ಕೊಟ್ಟಿಗೆಯೇ ಗುಡಿ.

ಯಹೂದಿಗಳ ಸಬ್ಬತ್ ಎಂದರೆ ನಮಗೆ ಯಾವುದೋ ದೂರದೇಶದ ಕಟ್ಟಳೆ ಎನಿಸುತ್ತದೆ. ಪ್ರವಾದಿ ಮೂಸಾರ ತೌರಾತಿನಲ್ಲಿ ಆ ಆಜ್ಞೆಯನ್ನು ಓದಿದವರಿಗೆ ಒಂದು ಸಂಗತಿ ತಟ್ಟನೆ ಕಣ್ಣಿಗೆ ಬೀಳುತ್ತದೆ. ಏಳನೆಯ ದಿನ ವಿಶ್ರಾಂತಿ ಯಾರಿಗೆ ಎಂದು ಹೇಳುವಲ್ಲಿ ಯಜಮಾನನ ಜೊತೆಗೆ ಆಳು, ದಾಸಿ, ಊರಿಗೆ ಬಂದ ಪರದೇಶಿ, ಎತ್ತು, ಕತ್ತೆ ಎಲ್ಲವೂ ಬರುತ್ತವೆ. ಎತ್ತಿಗೆ ಯಾವ ಮಠದ ದೀಕ್ಷೆಯೂ ಆಗಿಲ್ಲ. ಪರದೇಶಿಯ ಹೆಸರು ಯಾವ ಸಭೆಯ ಪಟ್ಟಿಯಲ್ಲೂ ಇಲ್ಲ. ಆದರೂ ದೇವರ ವಾರದಲ್ಲಿ ಅವರಿಬ್ಬರಿಗೂ ಪಾಲಿದೆ. ವಾರಕ್ಕೊಂದು ದಿನವನ್ನು ದೇವರಿಗೆ ಬಿಡುವ ಕಲ್ಪನೆಯ ಬುಡದಲ್ಲಿ ಸದಸ್ಯತ್ವದ ಮಾತಿಲ್ಲ, ದುಡಿಯುವ ಜೀವದ ಮೇಲಿನ ಕರುಣೆ ಇದೆ.

ಈಗ ಪ್ರಶ್ನೆಗೆ ಬರೋಣ. ಒಬ್ಬಾತ ದೇವರನ್ನು ನಂಬುತ್ತಾನೆ, ವಾರದ ದಿನವನ್ನು ಪಾಲಿಸುತ್ತಾನೆ, ಪ್ರಾರ್ಥಿಸುತ್ತಾನೆ. ಆದರೆ ಯಾವ ಜಮಾಅತಿಗೂ, ಮಠಕ್ಕೂ, ಚರ್ಚಿಗೂ ಸೇರಿದವನಲ್ಲ. ಜಗಳವಾಡಿ ಹೊರಬಂದಿರಬಹುದು, ಅವರೇ ಹೊರಹಾಕಿರಬಹುದು, ಅಥವಾ ಅವನ ಮನಸ್ಸಿಗೆ ಒಗ್ಗಿರಲಿಕ್ಕಿಲ್ಲ. ಅವನ ಆರಾಧನೆ ಆರಾಧನೆಯೇ ಅಲ್ಲವೆ? ನಮ್ಮ ಧಾರ್ಮಿಕ ಮುಖಂಡರಲ್ಲಿ ಹೆಚ್ಚಿನವರು ಇದಕ್ಕೆ ಕೊಡುವ ಉತ್ತರ ಒಂದೇ: ಗುಂಪು ಬಿಟ್ಟ ಕುರಿ ತೋಳದ ಪಾಲು. ಈ ಉತ್ತರದಲ್ಲಿ ಆರಾಧಕ ಕುರಿಯಾಗುತ್ತಾನೆ, ಹೇಳುವವರು ಕುರುಬರಾಗುತ್ತಾರೆ. ತೋಳ ಯಾರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೊದಲು ಸಮೂಹದ ಪರವಾದ ಮಾತನ್ನು ನ್ಯಾಯವಾಗಿ ಕೇಳೋಣ. ಶುಕ್ರವಾರದ ಸಾಲಿನಲ್ಲಿ ಹಮಾಲನ ಭುಜಕ್ಕೆ ವರ್ತಕನ ಭುಜ ತಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವವನೂ ಚೀಲಕ್ಕೆ ಬೆಲೆ ಕಟ್ಟುವವನೂ ಒಂದೇ ಸಾಲಿನಲ್ಲಿ ತಲೆಬಾಗುವುದು ಸಣ್ಣ ಸಂಗತಿಯಲ್ಲ. ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಸಭೆಗಳನ್ನು ಕಟ್ಟಿದಾಗ, ಜಾತಿಯಿಂದ ಹೊರಬಿದ್ದವರಿಗೆ ಆ ಸಭೆಯೇ ಬಂಧುಬಳಗವಾಯಿತು. ಸತ್ತಾಗ ಹೆಗಲು ಕೊಡಲು, ಅನಾಥರಿಗೆ ಅನ್ನ ಹಾಕಲು, ಮಕ್ಕಳಿಗೆ ಅಕ್ಷರ ಕಲಿಸಲು ಸಮೂಹ ಬೇಕು. ಇದನ್ನು ಅಲ್ಲಗಳೆಯುವವರು ಬಡವರ ಬದುಕನ್ನು ಕಂಡಿಲ್ಲ. ಒಬ್ಬಂಟಿಯಾಗಿರುವುದು ಸುಖವಾಗಿ ಕಾಣುವುದು ಉಳ್ಳವರಿಗೆ ಮಾತ್ರ.

ಆದರೆ ಇದಿಷ್ಟೂ ಸಮೂಹ ಮನುಷ್ಯನಿಗೆ ಏನು ಕೊಡುತ್ತದೆ ಎಂಬುದರ ಲೆಕ್ಕ. ದೇವರ ಬಳಿಗೆ ಹೋಗಲು ಸಮೂಹದ ಚೀಟಿ ಬೇಕು ಎಂಬುದಕ್ಕೆ ಇದರಲ್ಲಿ ಆಧಾರವಿಲ್ಲ. ಅನ್ನ ಕೊಡುವವನು ಬಾಗಿಲು ಕಾಯುವವನೂ ಆಗಬೇಕಿಲ್ಲ.

ಇಸ್ಲಾಮಿನಲ್ಲಿ ಸಾಮೂಹಿಕ ನಮಾಝಿಗೆ ಒಂಟಿ ನಮಾಝಿಗಿಂತ 27 ಪಟ್ಟು ಹೆಚ್ಚಿನ ಪುಣ್ಯ ಎಂಬ ಪ್ರವಾದಿ ವಚನವನ್ನು ಮಿಂಬರಿನಿಂದ ಮತ್ತೆ ಮತ್ತೆ ಕೇಳುತ್ತೇವೆ. ಅದನ್ನು ಒಪ್ಪಿಕೊಂಡೇ ಒಂದು ಲೆಕ್ಕ ಕೇಳೋಣ. 27 ಪಟ್ಟು ಆಗಬೇಕಾದರೆ ಮೊದಲು ಒಂದು ಇರಬೇಕು. ಸೊನ್ನೆಯನ್ನು 27ರಿಂದ ಗುಣಿಸಿದರೂ ಸೊನ್ನೆಯೇ. ಒಂಟಿಯ ನಮಾಝಿಗೆ ಬೆಲೆ ಇರುವುದರಿಂದಲೇ ಸಮೂಹದ ನಮಾಝಿಗೆ ಹೆಚ್ಚಿನ ಬೆಲೆ. ಇಡೀ ಭೂಮಿಯನ್ನೇ ನನಗೆ ಮಸೀದಿಯನ್ನಾಗಿ ಮಾಡಲಾಗಿದೆ ಎಂಬ ಅರ್ಥದ ಪ್ರವಾದಿ ಮಾತೂ ಹದೀಸ್ ಗ್ರಂಥಗಳಲ್ಲೇ ಇದೆ. ಮೊದಲನೆಯದನ್ನು ಕೇಳಿಸುವಷ್ಟು ಎರಡನೆಯದನ್ನು ನಮಗೆ ಕೇಳಿಸುವುದಿಲ್ಲ.

ಶುಕ್ರವಾರದ ವಿಷಯಕ್ಕೇ ಬನ್ನಿ. ಜುಮಾ ಗಂಡಸರಿಗೆ ಕಡ್ಡಾಯ. ಪ್ರಯಾಣಿಕನಿಗೆ, ರೋಗಿಗೆ, ಹೆಂಗಸರಿಗೆ, ಮಕ್ಕಳಿಗೆ ವಿನಾಯಿತಿ. ಜುಮಾ ಸಿಗದವನು ತಾನಿದ್ದಲ್ಲೇ ಲುಹರ್‌ನ ನಾಲ್ಕು ರಕಅತ್ ಮಾಡಿದರಾಯಿತು. ಜುಮಾಕ್ಕೆ ಎಷ್ಟು ಜನ ಇರಬೇಕೆಂಬುದರಲ್ಲೂ ಒಮ್ಮತವಿಲ್ಲ. ಶಾಫಿಈ ಪಂಥದಲ್ಲಿ 40 ಜನ ಬೇಕು, ಹನಫೀ ಪಂಥದಲ್ಲಿ ಇಮಾಮರಲ್ಲದೆ ಮೂವರಿದ್ದರೆ ಸಾಕು. ಹನಫೀ ಪಂಡಿತರಂತೂ ಜುಮಾ ಪಟ್ಟಣದವರಿಗೆ, ಸಣ್ಣ ಹಳ್ಳಿಯವರಿಗೆ ಅಲ್ಲ ಎಂದು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಹೊಲದಲ್ಲಿ ಒಬ್ಬನೇ ದುಡಿಯುವವನ ಪಾಡು ಆ ಹಳೆಯ ಪಂಡಿತರಿಗೆ ಗೊತ್ತಿತ್ತು. ಕುರ್‌ಆನ್‌ನ ಜುಮುಅ ಅಧ್ಯಾಯ ಕೂಡ ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಹೋಗಿ ದೇವರ ಅನುಗ್ರಹವನ್ನು ಅರಸಿರೆಂದು ಹೇಳುತ್ತದೆ. ಕೂಡುವುದು ಅರ್ಧ ಗಳಿಗೆ, ಚದುರುವುದು ಉಳಿದ ದಿನವೆಲ್ಲ. ಚದುರಿದವನ ಜೊತೆ ದೇವರಿಲ್ಲವೆಂದು ಅಲ್ಲಿ ಬರೆದಿಲ್ಲ.

ಇನ್ನು ಹೆಂಗಸರ ಮಾತು. ನಮ್ಮ ಬಹುಪಾಲು ಊರುಗಳಲ್ಲಿ ಮುಸ್ಲಿಂ ಹೆಂಗಸರು ತಲೆತಲಾಂತರದಿಂದ ಯಾವ ಜಮಾಅತಿನ ಸಾಲಿನಲ್ಲೂ ನಿಲ್ಲದೆ ನಮಾಝ್ ಮಾಡಿದ್ದಾರೆ. ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಶುಕ್ರವಾರವನ್ನು ಕಳೆದಿದ್ದಾರೆ. ಅವರ ಈಮಾನ್ ಅಪೂರ್ಣ ಎಂದು ಯಾವ ಮೌಲವಿಯೂ ಹೇಳಿಲ್ಲ. ಹಾಗಾದರೆ ಸಮುದಾಯದ ಅರ್ಧಪಾಲು ಸಮೂಹವಿಲ್ಲದೆಯೇ ದೇವರನ್ನು ತಲುಪಬಲ್ಲುದಾದರೆ, ಉಳಿದರ್ಧಕ್ಕೆ ಅದು ಹೇಗೆ ಅಸಾಧ್ಯವಾಯಿತು? ಇದಕ್ಕೆ ಉತ್ತರ ಬೇಕು.

ಅದೇ ಹೆಂಗಸರು ನಾವೂ ಮಸೀದಿಗೆ ಬರುತ್ತೇವೆ ಎಂದಾಗ ಏನಾಯಿತು? 2000ದಲ್ಲಿ ಮಹಿಳೆಯರ ಮಸೀದಿ ಪ್ರವೇಶದ ಪರವಾಗಿ ಮಾತಾಡಿದ ಹಾಸನದ ಬಾನು ಮುಷ್ತಾಕ್ ಮತ್ತು ಅವರ ಕುಟುಂಬದ ಮೇಲೆ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರ ಹೇರಲಾಯಿತು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅಭಿನಂದಿಸಲು ಸಾಲು ನಿಂತವರು ಬಹಳ. ಆ ಬಹಿಷ್ಕಾರವನ್ನು ನೆನೆದು ತಲೆತಗ್ಗಿಸಿದವರು ಎಷ್ಟು ಮಂದಿ? 2020ರಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ ಅಫಿಡವಿಟ್ ಕೊಟ್ಟು, ಮಹಿಳೆಯರು ಮಸೀದಿಗೆ ಬಂದು ನಮಾಝ್ ಮಾಡಲು ಇಸ್ಲಾಮಿನಲ್ಲಿ ಅಡ್ಡಿಯಿಲ್ಲ ಎಂದಿತು. ಅಂದರೆ 20 ವರ್ಷಗಳ ಹಿಂದೆ ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಒಳಗೆ ಬರಲು ಬಯಸಿದವರನ್ನು ಹೊರಗೆ ನಿಲ್ಲಿಸುವ, ಹೊರಗಿರಲು ಬಯಸಿದವರನ್ನು ಒಳಗೆ ಎಳೆಯುವ ಈ ಎರಡು ಕೆಲಸಗಳ ಹಿಂದೆ ಇರುವುದು ಒಂದೇ ಹಠ. ಬಾಗಿಲ ಕೀಲಿ ನಮ್ಮ ಕೈಯಲ್ಲಿರಬೇಕು ಎಂಬ ಹಠ.

ಇದು ಮುಸ್ಲಿಮರ ರೋಗ ಮಾತ್ರ ಎಂದು ಯಾರೂ ಸಂತೋಷಪಡಬೇಕಾಗಿಲ್ಲ. ಅಂಗೈಯಲ್ಲಿ ಇಷ್ಟಲಿಂಗ ಹಿಡಿದವನಿಗೆ ಗುಡಿಯೂ ಬೇಡ, ಪೂಜಾರಿಯೂ ಬೇಡ ಎಂದು 12ನೆಯ ಶತಮಾನದ ಶರಣರು ಸಾರಿದ ನಾಡು ಇದು. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ, ಅಂಬಿಗರ ಚೌಡಯ್ಯನ ನೆನಪಿದೆ. ದೋಣಿ ನಡೆಸುತ್ತಿದ್ದ ಆ ಶರಣ ಡಾಂಭಿಕ ಭಕ್ತರಿಗೆ ಕೊಟ್ಟಷ್ಟು ಪೆಟ್ಟನ್ನು ಇನ್ನಾರೂ ಕೊಟ್ಟಿಲ್ಲ. ಅದೇ ನಾಡಿನಲ್ಲಿ ಇಂದು ಯಾವ ಮಠಕ್ಕೆ ಸೇರಿದವರು ನೀವು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮದುವೆ ಕುದುರುವುದು ಕಷ್ಟ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರನ್ನು ಉಡುಪಿಯ ಗುಡಿಯೊಳಗೆ ಬಿಡಲಿಲ್ಲ ಎಂಬ ಕತೆಯನ್ನು ಮಕ್ಕಳಿಗೆ ಹೇಳುತ್ತೇವೆ. ಕಿಂಡಿಯಲ್ಲಿ ದರ್ಶನವಾಯಿತೆಂದು ಕೈಮುಗಿಯುತ್ತೇವೆ. ಆ ಕತೆಯ ನೀತಿ ಸ್ಪಷ್ಟವಾಗಿದೆ. ಸಭೆ ಮುಂಬಾಗಿಲಲ್ಲಿತ್ತು, ದೇವರು ಹಿಂದಕ್ಕೆ ತಿರುಗಿದ್ದ. ಆದರೂ ನಾವು ಮುಂಬಾಗಿಲಿಗೇ ಕಾವಲು ಹಾಕುತ್ತಿದ್ದೇವೆ.

ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು (1819–1889) ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದವರು. ಇಬ್ಬರೂ ತಮ್ಮ ತಮ್ಮ ಜಾತಿಯವರ ಸಿಟ್ಟನ್ನು ಉಂಡರೆಂಬುದು ಈ ಭಾಗದಲ್ಲಿ ಜನಜನಿತ. ಯಾವ ಸಭೆಯೂ ಶರೀಫರನ್ನು ಪೂರಾ ತನ್ನವನೆನ್ನಲಿಲ್ಲ. ಈಗ ಅವರ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ಹೋಗುತ್ತಾರೆ. ಅಂದು ಬಹಿಷ್ಕಾರ ಹಾಕಿದವರ ಹೆಸರು ಯಾರಿಗೂ ನೆನಪಿಲ್ಲ. ಬದುಕಿದ್ದಾಗ ಹೊರಗಿಟ್ಟು, ಸತ್ತ ಮೇಲೆ ಉರುಸು, ಜಾತ್ರೆ ಮಾಡುವುದು ನಮ್ಮ ಹಳೆಯ ಚಾಳಿ.

ಕಾನೂನೂ ಇಲ್ಲಿ ನೆರವಿಗೆ ಬಂದದ್ದು ಕಡಿಮೆ. 1949ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಧಾರ್ಮಿಕ ಬಹಿಷ್ಕಾರವನ್ನು ತಡೆಯುವ ಕಾಯ್ದೆ ಬಂತು. ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಅಂದರೆ ಈ ನೆಲದ ಮೇಲೆಯೂ ಆ ಕಾಯ್ದೆಯ ನೆರಳು ಬಿದ್ದಿತ್ತು. ದಾವೂದಿ ಬೋಹ್ರಾ ಪಂಥದ ಧರ್ಮಗುರುಗಳು ಅದನ್ನು ಪ್ರಶ್ನಿಸಿದರು. 1962ರಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಕಾಯ್ದೆಯನ್ನು ರದ್ದುಮಾಡಿತು. ಬಹಿಷ್ಕರಿಸುವುದು ಪಂಥದ ಧಾರ್ಮಿಕ ಹಕ್ಕು ಎಂದಿತು. ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಒಬ್ಬರೇ ಭಿನ್ನ ತೀರ್ಪು ಬರೆದರು. 2016ರಲ್ಲಿ ಮಹಾರಾಷ್ಟ್ರದ ಶಾಸನಸಭೆ ಸಾಮಾಜಿಕ ಬಹಿಷ್ಕಾರದ ವಿರುದ್ಧ ಹೊಸ ಕಾಯ್ದೆ ಮಾಡಿತು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬೋಹ್ರಾ ಪ್ರಕರಣವನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಪಂಥದ ಹಕ್ಕು ದೊಡ್ಡದೋ ಪಂಥದೊಳಗಿನ ಒಬ್ಬನ ಹಕ್ಕು ದೊಡ್ಡದೋ ಎಂಬ ಪ್ರಶ್ನೆ ಹೀಗೆ ಮುಕ್ಕಾಲು ಶತಮಾನದಿಂದ ನ್ಯಾಯಾಲಯದ ಮೆಟ್ಟಿಲ ಮೇಲಿದೆ.

ಬಹಿಷ್ಕಾರದ ನಿಜವಾದ ಅಲಗು ಇರುವುದು ಧರ್ಮಶಾಸ್ತ್ರದಲ್ಲಲ್ಲ. ಮೂರು ಜಾಗಗಳಲ್ಲಿ ಅದು ಕೊಯ್ಯುತ್ತದೆ: ಮಗಳ ನಿಕಾಹ್‌ನಲ್ಲಿ, ಅಂಗಡಿಯ ವ್ಯಾಪಾರದಲ್ಲಿ, ಖಬರಸ್ತಾನದ ಆರಡಿ ಜಾಗದಲ್ಲಿ. ಯಾರೂ ನರಕಕ್ಕೆ ಹೆದರಿ ಜಮಾಅತಿನ ಬಾಕಿ ಕಟ್ಟುವುದಿಲ್ಲ. ಅಪ್ಪನ ಹೆಣ ಅಂಗಳದಲ್ಲಿ ಉಳಿದೀತು ಎಂಬ ಹೆದರಿಕೆಗೆ ಕಟ್ಟುತ್ತಾರೆ. ಈ ಹೆದರಿಕೆಯಿಂದ ಸಾಲಿನಲ್ಲಿ ನಿಂತವನ ನಮಾಝ್ ದೇವರಿಗೆ ಸಲ್ಲುತ್ತದೆಯೋ, ಕಮಿಟಿಗೆ ಸಲ್ಲುತ್ತದೆಯೋ? ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂದು ಅನ್ಯಧರ್ಮೀಯರ ಮುಂದೆ ಅಭಿಮಾನದಿಂದ ಹೇಳುವ ನಾವು, ನಮ್ಮವರ ಮುಂದೆಯೂ ಅದನ್ನೇ ಹೇಳಬೇಕು.

ಹಾಗಾದರೆ ಸಮೂಹ ಬೇಡವೆ? ಬೇಕು. ಎಂಥ ಸಮೂಹ ಎಂಬುದಕ್ಕೆ ಹೊಸರಿತ್ತಿಯಲ್ಲೇ ಒಂದು ಗುರುತಿದೆ. ಇಲ್ಲಿನ ಗಾಂಧಿ ಗ್ರಾಮೀಣ ಗುರುಕುಲ ಯಾರ ಹೆಸರನ್ನು ಹೊತ್ತಿದೆಯೋ ಆ ಗಾಂಧೀಜಿ ಸೋಮವಾರ ಮೌನವ್ರತ ಮಾಡುತ್ತಿದ್ದರು. 1930ರ ದಂಡಿ ಯಾತ್ರೆಯಲ್ಲೂ ಸೋಮವಾರ ನಡಿಗೆಗೆ ಬಿಡುವಿತ್ತು. ಆ ಯಾತ್ರೆಯಲ್ಲಿ ನಡೆದ ಕನ್ನಡಿಗ, ಮೋಟೆಬೆನ್ನೂರಿನ ಮೈಲಾರ ಮಹಾದೇವ. ಎತ್ತಿಗೂ ಸೋಮವಾರ ಬಿಡುವು ಕೊಡುವ ನೆಲದಿಂದ ಹೋದ ಹುಡುಗನಿಗೆ ಆ ಬಿಡುವಿನ ಅರ್ಥ ವಿವರಿಸಿ ಹೇಳಬೇಕಾಗಿರಲಿಲ್ಲ. ಗಾಂಧೀಜಿಯ ಸಂಜೆಯ ಪ್ರಾರ್ಥನೆ ಬಯಲಿನಲ್ಲಿ ನಡೆಯುತ್ತಿತ್ತು. ಗೀತೆಯೂ ಕುರ್‌ಆನೂ ಅಲ್ಲಿ ಒಟ್ಟಿಗೆ ಕೇಳುತ್ತಿದ್ದವು. ಯಾರು ಬೇಕಾದರೂ ಬರಬಹುದಿತ್ತು, ಎದ್ದು ಹೋಗಬಹುದಿತ್ತು. 1947ರಲ್ಲಿ ದಿಲ್ಲಿಯಲ್ಲಿ ಕುರ್‌ಆನ್ ಪಠಣಕ್ಕೆ ಯಾರಾದರೂ ಆಕ್ಷೇಪಿಸಿದಾಗ ಅವರು ಪ್ರಾರ್ಥನೆಯನ್ನೇ ನಿಲ್ಲಿಸಿದ್ದುಂಟು. ಆಕ್ಷೇಪಿಸಿದವನನ್ನು ಹೊರದಬ್ಬಲಿಲ್ಲ, ಕುರ್‌ಆನನ್ನೂ ಕೈಬಿಡಲಿಲ್ಲ.

1943ರ ಏಪ್ರಿಲ್ 1ರಂದು ಹೊಸರಿತ್ತಿಯ ಕಂದಾಯ ವಸೂಲಿ ಕೇಂದ್ರದ ಮೇಲಿನ ದಾಳಿಯಲ್ಲಿ ಮಹಾದೇವ ಗುಂಡಿಗೆ ಬಲಿಯಾದರು. ಜೊತೆಗೆ ಬಿದ್ದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಆ ಮನೆತನದ ಹೆಸರುಗಳನ್ನೇ ಓದಿ ನೋಡಿ. ಊರಿನ ಯಾವ ಪಂಕ್ತಿಯಲ್ಲೂ ಅಂದು ಈ ಹೆಸರಿನವರನ್ನು ಪಕ್ಕಪಕ್ಕ ಕೂರಿಸುತ್ತಿರಲಿಲ್ಲ. ಸಾವಿನಲ್ಲಿ ಅವರದು ಒಂದೇ ಸಾಲು. ನಂಬಿಕೆಯಿಂದ ಕೂಡಿದವರ ಸಮೂಹ ಹೀಗಿರುತ್ತದೆ. ಅದಕ್ಕೆ ಹಾಜರಿ ಪುಸ್ತಕ ಇರಲಿಲ್ಲ.

ಆಗಬೇಕಾದ್ದು ದೊಡ್ಡ ಕ್ರಾಂತಿಯೇನಲ್ಲ. ಖಬರಸ್ತಾನದಲ್ಲಿ ಹೂಳಲು ಕಲಿಮ ಹೇಳಿದವನೆಂಬುದು ಸಾಕು, ಚಂದಾ ಬಾಕಿಯ ಲೆಕ್ಕ ಹೆಣದ ಮುಂದೆ ತೆಗೆಯಬಾರದು. ಯಾವ ಜಮಾಅತಿಗೂ ಸೇರದವನ ಮಗಳ ನಿಕಾಹ್ ಬರೆಯಲು ಖಾಜಿ ಹಿಂಜರಿಯಬಾರದು. ಯಾವ ಧರ್ಮದ ಮಸಣದಲ್ಲೂ ಜಾಗ ಸಿಗದವನಿಗೆ ಗ್ರಾಮ ಪಂಚಾಯಿತಿ ಜಾಗ ಮೀಸಲಿಡಬೇಕು. ಮಸೀದಿಯಲ್ಲಿ ಹೆಂಗಸರಿಗೆ ಒಂದು ಬಾಗಿಲು, ಒಂದು ವುಝೂ ಜಾಗ ಆಗಬೇಕು. ಬಹಿಷ್ಕಾರದ ಠರಾವು ಹೊರಡಿಸುವ ಕಮಿಟಿ, ಅದು ಯಾವ ಧರ್ಮದ್ದೇ ಇರಲಿ, ಪೊಲೀಸ್ ಠಾಣೆಗೆ ಉತ್ತರ ಕೊಡಬೇಕು.

ಹೀಗೆ ಮಾಡಿದರೆ ಸಾಲುಗಳು ಖಾಲಿಯಾಗುತ್ತವೆ ಎಂದು ಹೆದರುವವರಿಗೆ ಒಂದೇ ಮಾತು. ಹೆದರಿಕೆ ಹೋದ ಮೇಲೂ ಸಾಲಿನಲ್ಲಿ ಉಳಿಯುವವರೇ ನಿಮ್ಮ ನಿಜವಾದ ಜಮಾಅತು. ಅವರು ನಾಲ್ಕೇ ಜನರಿದ್ದರೂ ಜುಮಾ ಆಗುತ್ತದೆ, ಹನಫೀ ಫಿಕ್‌ಹಿನ ಲೆಕ್ಕದಲ್ಲಿ ಅಷ್ಟು ಸಾಕು. ಉಳಿದವರು ತಮ್ಮ ಹೊಲದ ಬದುವಿನಲ್ಲೋ ಮನೆಯ ಮೂಲೆಯಲ್ಲೋ ದೇವರನ್ನು ನೆನೆಯುತ್ತಾರೆ. ಅವರ ಲೆಕ್ಕ ಇಡುವ ಕೆಲಸ ನಮ್ಮದಲ್ಲ.