ಗಾಳದ ಹುಳು ಅಡುಗೆಮನೆಯಲ್ಲಿ ಬೇಯುವುದು ಬೇಡ

ಇಂಡಿ, ಸಿಂದಗಿ ಕಡೆಯ ಹುಡುಗರಿಗೆ ಭೀಮಾ ನದಿ, ಬಸವನ ಬಾಗೇವಾಡಿ ಕಡೆಯವರಿಗೆ ಆಲಮಟ್ಟಿಯ ಹಿನ್ನೀರು, ಮುದ್ದೇಬಿಹಾಳದವರಿಗೆ ನಾರಾಯಣಪುರ ಜಲಾಶಯದ ಹಿನ್ನೀರು. ರಜೆಯ ದಿನ ಗಾಳ ಹಿಡಿದು ಹೊರಡುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಎರೆಹುಳದ ಬದಲು ಮೆತ್ತನೆಯ ಪ್ಲಾಸ್ಟಿಕ್ ಹುಳು ಕಟ್ಟುವುದು ಹೊಸದು. ಅಂಗಡಿಯದು ದುಬಾರಿಯೆಂದು ಮೊಬೈಲ್ ನೋಡಿ ಮನೆಯಲ್ಲೇ ಅಚ್ಚು ಹೊಯ್ಯುವ ಹುಚ್ಚು ನಿಮ್ಮ ಮಗನಿಗೂ ಹಿಡಿದಿದ್ದರೆ, ಒಲೆಯ ಮೇಲೆ ಅವನು ಕರಗಿಸುತ್ತಿರುವುದು ಏನೆಂದು ಒಮ್ಮೆ ಕೇಳಿ.

ಅಂಗಡಿಯ ಮೆತ್ತನೆಯ ಹುಳುಗಳಲ್ಲಿ ಹೆಚ್ಚಿನವು ಪಿವಿಸಿ. ಪಿವಿಸಿ ಸ್ವಭಾವತಃ ಗಟ್ಟಿ, ನಿಮ್ಮ ನಳದ ಪೈಪೂ ಅದೇ. ಎಣ್ಣೆಯಂಥ ರಾಸಾಯನಿಕ ಬೆರೆಸಿದಾಗ ಅದು ಮೆತ್ತಗಾಗುತ್ತದೆ. ಹಲವು ಬಾರಿ ಆ ರಾಸಾಯನಿಕ ಥ್ಯಾಲೇಟ್ ಆಗಿರುತ್ತದೆ. ಅದು ಪ್ಲಾಸ್ಟಿಕ್‌ನೊಳಗೇ ನಿಲ್ಲುವುದಿಲ್ಲ, ಮೆಲ್ಲಗೆ ಹೊರಗೆ ಜಿನುಗುತ್ತದೆ. ಇಂಥ ಹುಳುಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮರೆತರೆ ಕೆಲವೊಮ್ಮೆ ಡಬ್ಬಿಯ ತಳವೇ ಮೆತ್ತಗಾಗಿ ಅಂಟಿಕೊಳ್ಳುವುದು ಇದರಿಂದಲೇ. (ಹಳೆಯ ಟಿಫಿನ್ ಡಬ್ಬಿ ಇದಕ್ಕೆ ಕೊಟ್ಟಿದ್ದರೆ ಮತ್ತೆ ಊಟಕ್ಕೆ ಬಳಸಬೇಡಿ.) ಕೆಲವು ಥ್ಯಾಲೇಟ್‌ಗಳು ಮಕ್ಕಳ ಹಾರ್ಮೋನುಗಳ ಕೆಲಸ ಕೆಡಿಸುತ್ತವೆ ಎಂಬ ಆತಂಕದಿಂದ, ಎಳೆಯ ಮಕ್ಕಳು ಬಾಯಿಗಿಡುವ ಆಟಿಕೆಗಳಲ್ಲಿ ಅವುಗಳನ್ನು ಯುರೋಪ್ ಒಕ್ಕೂಟ 1999ರಲ್ಲೇ ತಡೆಯಿತು.

ಇಷ್ಟಾದರೂ ಅದು ಅಂಗಡಿಯ ಮಾತು. ಮನೆಯಲ್ಲಿ ಕರಗುವುದು ಸಾಮಾನ್ಯವಾಗಿ ಕೈಗೆ ಸಿಕ್ಕಿದ್ದು: ಹರಿದ ರೇನ್‌ಕೋಟು, ಹಳೆಯ ವೈರಿನ ಮೇಲ್ಪದರ, ಮುರಿದ ಗೊಂಬೆ. ನನ್ನ ವಿರೋಧ ಮುಖ್ಯವಾಗಿ ಇದಕ್ಕೆ. ಹಳೆಯ ಪಿವಿಸಿಯಲ್ಲಿ, ಅದರಲ್ಲೂ ವೈರಿನ ಪದರದಲ್ಲಿ, ಸೀಸದ ಲವಣ ಬೆರೆಸುವುದು ವಾಡಿಕೆಯಾಗಿತ್ತು. ಮಗುವಿನ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಚಿಂತೆಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಳದ ಪೈಪಿನ ತುಂಡಂತೂ ಹುಳುವಾಗುವುದೇ ಇಲ್ಲ, ಹರಿಯುವಷ್ಟು ಕರಗುವ ಮೊದಲೇ ಕಂದು ತಿರುಗಿ ಕರಕಾಗುತ್ತದೆ. ಪಿವಿಸಿ ಹಾಗೆ ಕಾದು ಕೆಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಅದು ಕಣ್ಣು, ಮೂಗು, ಎದೆಯ ತೇವ ಸೇರಿದರೆ ಆಮ್ಲ. ಒಂದೇ ಕಿಟಕಿಯ ಅಡುಗೆಮನೆಯಲ್ಲಿ, ಪಕ್ಕದಲ್ಲೇ ಉಬ್ಬಸದ ಅಜ್ಜಿ, ತೊಟ್ಟಿಲ ಕೂಸು ಇದ್ದರೆ ಏನಾದೀತು?

ಹಾಲಿನ ಪ್ಯಾಕೆಟ್ ಕರಗಿಸಿದರಾಯಿತು ಎನ್ನುವ ಹುಡುಗರೂ ಇರುತ್ತಾರೆ. ಪಾಲಿಥೀನ್‌ನಲ್ಲಿ ಕ್ಲೋರಿನ್ ಇಲ್ಲ, ನಿಜ. ಆದರೆ ಆರಿದ ಮೇಲೆ ಅದು ಮೇಣದ ಕಡ್ಡಿಯಂತೆ ಬಿಗಿ, ನೀರಿನಲ್ಲಿ ಹುಳುವಿನಂತೆ ಬಳುಕದು. ಹೊಗೆ ಕುಡಿದದ್ದೇ ಲಾಭ.

ಮಾಡಲೇಬೇಕೆಂದರೆ ಥ್ಯಾಲೇಟ್ ಇಲ್ಲವೆಂದು ಬರೆದ ಹೊಸ ಪ್ಲಾಸ್ಟಿಸೋಲ್ ಕೊಳ್ಳಲಿ. ಹಾಲಿನಂಥ ಈ ದ್ರವ ಸುಮಾರು 175 ಡಿಗ್ರಿಗೆ ಕಾದಾಗ ತಿಳಿಯಾಗುತ್ತದೆ. ಹಳದಿಯಾಗಿ ಹೊಗೆ ಬಂದರೆ ಮಿತಿ ಮೀರಿತು ಎಂದೇ ಅರ್ಥ. ಥರ್ಮಾಮೀಟರ್, ಬೇರೆ ಪಾತ್ರೆ, ಬೇರೆ ಒಲೆ, ಬಯಲು ಜಾಗ, ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಬಿಸಿ ಪ್ಲಾಸ್ಟಿಕ್ ಸಿಡಿದು ಚರ್ಮಕ್ಕೆ ಅಂಟುತ್ತದೆ. ಇದಕ್ಕಿಂತ ನನ್ನ ಆಯ್ಕೆ, ಒಲೆಯೇ ಬೇಡದೆ ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಸಿಲಿಕೋನ್. ಬೆಲೆ ಜಾಸ್ತಿ, ಸುಟ್ಟ ಕೈಯ ಚಿಕಿತ್ಸೆಗಿಂತ ಕಡಿಮೆ.

ನಿಜ ಹೇಳಬೇಕೆಂದರೆ ರೋಹು, ಕಾಟ್ಲಾ ಹಿಡಿಯಲು ಪ್ಲಾಸ್ಟಿಕ್ ಹುಳು ಬೇಕಾಗಿಯೇ ಇಲ್ಲ. ಅವುಗಳಿಗೆ ಹಿಟ್ಟಿನ ಉಂಡೆ ಸಾಕು, ಜೋಳದ ಹಿಟ್ಟಿಗೆ ನಮ್ಮಲ್ಲಿ ಬರವೇ? ಬಳುಕುವ ಹುಳು ಬೇಕಾಗುವುದು ಬಾಳೆ, ಕೊರವದಂಥ ಬೇಟೆಯಾಡುವ ಮೀನುಗಳಿಗೆ.

ಹೊಳೆಯಿಂದ ಬಂದ ಮಗ ಊಟಕ್ಕೆ ಕೂರುವ ಮುನ್ನ ಸಾಬೂನಿನಿಂದ ಕೈ ತೊಳೆಯಲಿ, ದಾರಕ್ಕೆ ಕಟ್ಟಿದ ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡುವ ಅಭ್ಯಾಸವಿದ್ದರೆ ಇಂದೇ ಬಿಡಿಸಿ, ಕೈಗೆ ಚಿಕ್ಕ ಇಕ್ಕಳ ಕೊಡಿ.