ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವುದು ಹೇಗೆ?

ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಹೀಗೆ ದುಡಿಯುವ ಯಂತ್ರ ಒಂದಲ್ಲ ಒಂದು ದಿನ ಕೆಡಲೇಬೇಕು. ಹಾಗಾದರೆ ಬ್ಯಾಂಕಿನ ಡಿಸ್ಕ್ ಕೆಟ್ಟ ದಿನ ನಮ್ಮ ಖಾತೆಯ ಗತಿಯೇನು?

ಇದಕ್ಕೊಂದು ಉಪಾಯ 'ರೇಡ್'. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಒಂದು ಪ್ರಬಂಧದಲ್ಲಿ ಈ ಹೆಸರನ್ನು ಮುಂದಿಟ್ಟರು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟಾಗಿ ದುಡಿಸಬೇಕೆಂಬುದು ಅವರ ವಾದ. ಆದರೆ ಡಿಸ್ಕುಗಳು ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚು. ಆದ್ದರಿಂದ ಮಾಹಿತಿಯ ಜೊತೆಗೆ, ಅದನ್ನು ಮರಳಿ ಪಡೆಯಲು ಬೇಕಾದಷ್ಟು ಹೆಚ್ಚುವರಿಯನ್ನೂ ಬರೆದಿಡಬೇಕು.

ಇದರಲ್ಲಿ ಹಲವು ಹಂತಗಳಿವೆ. ರೇಡ್ 0 ಮಾಹಿತಿಯನ್ನು ತುಂಡು ಮಾಡಿ ಎಲ್ಲ ಡಿಸ್ಕುಗಳಿಗೆ ಹಂಚುತ್ತದೆ. ವೇಗವೇನೋ ಹೆಚ್ಚು, ಆದರೆ ರಕ್ಷಣೆ ಇಲ್ಲ. ಒಂದು ಕೆಟ್ಟರೆ ಎಲ್ಲವೂ ಹೋದಂತೆ. ರೇಡ್ 1 ಎರಡು ಡಿಸ್ಕುಗಳಲ್ಲೂ ಒಂದೇ ಮಾಹಿತಿ ಬರೆಯುತ್ತದೆ. ಇಲ್ಲಿ ಅರ್ಧ ಜಾಗ ನಕಲಿಗೇ ಮೀಸಲು.

ರೇಡ್ 5ರದು ಸಮ-ಬೆಸದ ಲೆಕ್ಕ. ಮೂರು ಡಿಸ್ಕುಗಳಿವೆ ಎನ್ನಿ. ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 0 ಇದೆ. ಒಟ್ಟು ಒಂದುಗಳ ಸಂಖ್ಯೆ ಸಮವಾಗುವಂತೆ ಮೂರನೆಯದರಲ್ಲಿ 1 ಬರೆಯಲಾಗುತ್ತದೆ. ಈಗ ಎರಡನೆಯ ಡಿಸ್ಕ್ ಕೆಟ್ಟಿತು. ಉಳಿದಿರುವುದು 1 ಮತ್ತು 1, ಆಗಲೇ ಸಮವಾಗಿದೆ. ಅಂದಮೇಲೆ ಕಳೆದುಹೋದದ್ದು 0! ಈ ಲೆಕ್ಕವನ್ನು ಎಲ್ಲ ಡಿಸ್ಕುಗಳಿಗೂ ಸರದಿಯಂತೆ ಹಂಚಿರುತ್ತಾರೆ. 1 ಟೆರಾಬೈಟಿನ ನಾಲ್ಕು ಡಿಸ್ಕುಗಳಿದ್ದರೆ 3 ಟೆರಾಬೈಟ್ ಬಳಕೆಗೆ ಸಿಗುತ್ತದೆ. ಆದರೆ ಕೆಟ್ಟ ಡಿಸ್ಕಿನ ಬದಲು ಹೊಸದನ್ನು ತುಂಬಿಸುವಷ್ಟರಲ್ಲಿ ಇನ್ನೊಂದು ಕೆಟ್ಟರೆ ಮಾಹಿತಿ ದಕ್ಕದು. ರೇಡ್ 6 ಎರಡು ಬಗೆಯ ಲೆಕ್ಕ ಇಡುವುದರಿಂದ ಎರಡು ಡಿಸ್ಕ್ ಕೆಟ್ಟರೂ ತಡೆದುಕೊಳ್ಳುತ್ತದೆ.

ಇಲ್ಲಿ ವಿದ್ಯಾರ್ಥಿಗಳೂ ಪೋಷಕರೂ ನೆನಪಿಡಬೇಕಾದ ಮಾತೊಂದಿದೆ. ರೇಡ್ ಕಾಯುವುದು ಡಿಸ್ಕ್ ಕೆಡುವುದರಿಂದ ಮಾತ್ರ. ಕೈತಪ್ಪಿ ಅಳಿಸಿದ ಪ್ರಾಜೆಕ್ಟ್ ವರದಿಯನ್ನು ರೇಡ್ 1 ಎರಡೂ ಡಿಸ್ಕುಗಳಿಂದ ಒಟ್ಟಿಗೇ ಅಳಿಸುತ್ತದೆ! ವೈರಸ್, ಕಳ್ಳತನ, ಬೆಂಕಿಗಳ ಮುಂದೆಯೂ ಅದು ಅಸಹಾಯಕ. ಆದ್ದರಿಂದ ಮಕ್ಕಳ ಪ್ರಾಜೆಕ್ಟ್, ಮನೆಯವರ ಭಾವಚಿತ್ರ, ಅಂಕಪಟ್ಟಿಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ಆ ಪ್ರತಿ ಸರಿಯಾಗಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಿ.

ಕೊನೆಗೊಂದು ಲೆಕ್ಕ: ಮೂರು ಡಿಸ್ಕುಗಳಲ್ಲಿ 1, 1, 1 ಇದ್ದರೆ ನಾಲ್ಕನೆಯದರಲ್ಲಿ ಏನು ಬರೆಯಬೇಕು?