ಸೋಲಿಲ್ಲದ ಚಾಂಪಿಯನ್‌ನ ಲೆಕ್ಕ

ಮಕ್ಕಳೇ, ಒಬ್ಬ ಬಾಕ್ಸರ್‌ನ ಹೆಸರಿನ ಮುಂದೆ 51-0-1 ಎಂದು ಬರೆದಿದ್ದರೆ ಏನರ್ಥ ಗೊತ್ತೇ? ಮೊದಲ ಅಂಕಿ ಗೆಲುವು, ನಡುವಿನದು ಸೋಲು, ಕೊನೆಯದು ಡ್ರಾ. ನಡುವೆ ಸೊನ್ನೆ ಇದ್ದರೆ ಆತ ಒಮ್ಮೆಯೂ ಸೋತಿಲ್ಲ ಎಂದರ್ಥ.

ಈ ಸೊನ್ನೆಯ ಹಿಂದೆ ಬಿದ್ದವನು ಏಳನೇ ತರಗತಿ ಓದುವ ನನ್ನ ಅಕ್ಕನ ಮಗ. ಶಾಲೆಯ ಚೆಸ್ ಪಂದ್ಯದಲ್ಲಿ ಮೊದಲ ಸುತ್ತಿನಲ್ಲೇ ಸೋತು ಬಂದವನು ಬೋರ್ಡನ್ನು ಕಪಾಟಿನ ಮೇಲಿಟ್ಟು, ಮಾಂಗಾ ಓದುತ್ತ ಕುಳಿತಿದ್ದ. ಮಾಂಗಾ ಎಂದರೆ ಬಲದಿಂದ ಎಡಕ್ಕೆ ಓದುವ ಜಪಾನಿನ ಚಿತ್ರಕಥೆ. ಅವನು ಓದುತ್ತಿದ್ದುದು ಜಾರ್ಜ್ ಮೊರಿಕಾವಾ ಅವರ ‘ಹಾಜಿಮೆ ನೋ ಇಪ್ಪೊ’. 1989ರಲ್ಲಿ ಅಲ್ಲಿನ ವಾರಪತ್ರಿಕೆಯೊಂದರಲ್ಲಿ ಶುರುವಾದ ಈ ಕಥೆ ನೂರಕ್ಕೂ ಹೆಚ್ಚು ಸಂಪುಟಗಳಷ್ಟು ಬೆಳೆದಿದೆ. ಅದರಲ್ಲಿ ಮೆಕ್ಸಿಕೊದ ರಿಕಾರ್ಡೊ ಮಾರ್ಟಿನೆಜ್ ಎಂಬ ಫೆದರ್‌ವೇಟ್ ವಿಶ್ವ ಚಾಂಪಿಯನ್ ಬರುತ್ತಾನೆ.

“ಮಾಮ, ಇವನು ಸೋತೇ ಇಲ್ಲವಂತೆ. ಯಾರ್‍ಯಾರನ್ನು ಸೋಲಿಸಿದ್ದಾನೆ ಅಂತ ಪಟ್ಟಿ ಮಾಡೋಣ್ವಾ?” ಎಂದ.

“ಮಾಡು. ಆದರೆ ಮೂರು ಕಾಲಂ ಹಾಕು” ಎಂದೆ. ಚಿತ್ರದಲ್ಲಿ ಕಣ್ಣಾರೆ ಕಂಡ ಪಂದ್ಯ ಒಂದರಲ್ಲಿ, ಪಾತ್ರಗಳು ಬಾಯಲ್ಲಿ ಹೇಳಿದ್ದು ಇನ್ನೊಂದರಲ್ಲಿ, ನಾವು ಊಹಿಸಿದ್ದು ಮೂರನೆಯದರಲ್ಲಿ. ಹುಡುಕುವ ಕೆಲಸದಲ್ಲಿ ಈ ಮೂರನ್ನೂ ಬೆರೆಸಬಾರದು.

ಎರಡು ದಿನದ ನಂತರ ಪೆಚ್ಚುಮೋರೆ ಹಾಕಿಕೊಂಡು ಬಂದ. “ಮೊದಲನೇ ಕಾಲಂ ತುಂಬೋದೇ ಇಲ್ಲ ಮಾಮ! ಅವನ ಪಂದ್ಯಗಳನ್ನ ತೋರಿಸಿರೋದೇ ಕಡಿಮೆ.”

“ಹಾಗಾದರೆ ಅವನು ಅಷ್ಟು ದೊಡ್ಡವನು ಅಂತ ನಿನಗೆ ಹೇಗೆ ಗೊತ್ತಾಯಿತು?”

ಸ್ವಲ್ಪ ಯೋಚಿಸಿ, “ದಾತೆಯಿಂದ” ಎಂದ.

ಹೌದು. ಏಜಿ ದಾತೆ ಕಥೆಯ ಜಪಾನ್ ಚಾಂಪಿಯನ್. ಮಾರ್ಟಿನೆಜ್ ಕೈಯಲ್ಲಿ ಎರಡನೇ ಸುತ್ತಿಗೇ ನೆಲಕಚ್ಚಿ ಬಾಕ್ಸಿಂಗನ್ನೇ ಬಿಟ್ಟವನು. ವರ್ಷಗಳ ನಂತರ ಮರಳಿ ಬಂದು, ಕಥಾನಾಯಕ ಇಪ್ಪೊಗೆ ಮೊದಲ ಸೋಲಿನ ರುಚಿ ತೋರಿಸಿದ. ಮತ್ತೆ ಅದೇ ಮಾರ್ಟಿನೆಜ್ ಎದುರು ನಿಂತ, ಮತ್ತೆ ಸೋತ. ಚಾಂಪಿಯನ್‌ನ ಪಟ್ಟಿಯಲ್ಲಿ ಅದು ಬರೀ ಎರಡು ಸಾಲು. ದಾತೆಗೆ ಅದು ಇಡೀ ಬದುಕು.

ಇದು ಕಥೆಯ ಮಾತಾಯಿತು. ಮೇಲೆ ಹೇಳಿದ 51-0-1 ಮಾತ್ರ ನಿಜವಾದ ದಾಖಲೆ. ಅದು ಮೆಕ್ಸಿಕೊದವರೇ ಆದ ರಿಕಾರ್ಡೊ ಲೋಪೆಸ್ ಅವರದು. ಇವರು 1985ರಿಂದ 2001ರವರೆಗೆ ವೃತ್ತಿಪರರಾಗಿ ಆಡಿದರು. 1990ರಲ್ಲಿ ಟೋಕಿಯೊದಲ್ಲಿ ಹಿದೆಯುಕಿ ಓಹಾಶಿ ಅವರನ್ನು ಐದನೇ ಸುತ್ತಿನಲ್ಲಿ ಮಣಿಸಿ ಮೊದಲ ವಿಶ್ವ ಪ್ರಶಸ್ತಿ ಗೆದ್ದರು. 1998ರಲ್ಲಿ ರೊಸೆಂಡೊ ಆಲ್ವಾರೆಸ್ ಜೊತೆಗಿನ ಪಂದ್ಯ ಡ್ರಾ ಆಯಿತು. ಅದೇ ವರ್ಷ ಮತ್ತೆ ಆಡಿ ಅವರನ್ನು ಗೆದ್ದರು.

“ಓಹಾಶಿ ಏನಾದ್ರು?” ಹುಡುಗ ಕೇಳಿದ. ಪಟ್ಟಿಯ ಇನ್ನೊಂದು ಬದಿಯ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು.

ಓಹಾಶಿ ಅಲ್ಲಿಗೇ ನಿಲ್ಲಲಿಲ್ಲ. 1992ರಲ್ಲಿ ಮತ್ತೊಂದು ವಿಶ್ವ ಪ್ರಶಸ್ತಿ ಗೆದ್ದರು. ನಿವೃತ್ತರಾದ ಮೇಲೆ ತಮ್ಮದೇ ಜಿಮ್ ತೆರೆದರು. ಎರಡು ತೂಕ ವಿಭಾಗಗಳಲ್ಲಿ ನಾಲ್ಕಕ್ಕೆ ನಾಲ್ಕೂ ವಿಶ್ವ ಬೆಲ್ಟ್‌ಗಳನ್ನು ಗೆದ್ದ ನವೋಯಾ ಇನೌಯೆ ಬೆಳೆದದ್ದು ಅದೇ ಜಿಮ್‌ನಲ್ಲಿ! ಲೋಪೆಸ್ ದಾಖಲೆಯನ್ನಷ್ಟೇ ಓದಿದವರಿಗೆ ಓಹಾಶಿ ಐದನೇ ಸುತ್ತಿನಲ್ಲೇ ಮುಗಿದುಹೋಗುತ್ತಾರೆ.

ಹಾಗಾಗಿ ಮಕ್ಕಳೇ, ಯಾರದೇ ದಾಖಲೆ ನೋಡಿದರೂ ಸೊನ್ನೆಗೆ ಬೆರಗಾಗಿ ಅಲ್ಲೇ ನಿಲ್ಲಬೇಡಿ. ಎದುರು ನಿಂತವರು ಯಾರು, ಆಮೇಲೆ ಅವರು ಏನು ಮಾಡಿದರು ಎಂದೂ ಹುಡುಕಿ.

ಅಂದ ಹಾಗೆ, ‘ಹಾಜಿಮೆ ನೋ ಇಪ್ಪೊ’ ಎಂದರೆ ‘ಮೊದಲ ಹೆಜ್ಜೆ’ ಎಂದರ್ಥ. ಆ ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಹುಡುಗ ಇದ್ದಕ್ಕಿದ್ದಂತೆ, “ನನ್ನನ್ನ ಸೋಲಿಸಿದ ಹುಡುಗ ಫೈನಲ್‌ವರೆಗೂ ಹೋದನೋ ಇಲ್ಲವೋ, ನಾನು ಕೇಳಲೇ ಇಲ್ಲ ಮಾಮ” ಎಂದ. ಮಾರನೆಯ ದಿನ ನೋಡಿದರೆ ಕಪಾಟಿನ ಮೇಲೆ ಚೆಸ್ ಬೋರ್ಡ್ ಇರಲಿಲ್ಲ.